ಗೋಪಿಕಾ ಎಂಬ ಹಳೆಯ ಲಾರಿ

ಡಿಸೆಂಬರ್ 4, ಗುರುವಾರ. ಸವಣೂರು

ಮೊನ್ನೆ ಮಂಗಳವಾರ ಮಧ್ಯಾಹ್ನ ಸುಮಾರು ಮೂರು ಗಂಟೆಗೆ, ಹಿರೇಕೆರೂರಿನಿಂದ ಗೋವಿನಜೋಳ ಹೇರಿಕೊಂಡು ಶಿಗ್ಗಾಂವಿಗೆ ಬರುತ್ತಿದ್ದ ನಮ್ಮ ಲಾರಿ, ಬಂಕಾಪುರ ಇನ್ನೆರಡು ಕಿಲೋಮೀಟರ್ ಇರುವಾಗ ಇಳಿಜಾರಿನಲ್ಲಿ ಬ್ರೇಕ್ ಹಿಡಿಯದೆ, ರಸ್ತೆ ಪಕ್ಕದ ಚಹಾದಂಗಡಿಗೆ ನುಗ್ಗಿ, ಬೇವಿನ ಮರಕ್ಕೆ ಬಡಿದು ನಿಂತಿತು. ಅಂಗಡಿ ನಡೆಸುವ ನೂರಜಹಾನ ಎಂಬುವಳ ಬಲಗಾಲಿನ ಮೂಳೆ ಮುರಿದಿದೆ. ಪ್ರಾಣಕ್ಕೆ ಅಪಾಯವಿಲ್ಲ. ಚಾಲಕನ ಹಣೆಗೆ ನಾಲ್ಕು ಹೊಲಿಗೆ.

ನಿನ್ನೆ ಠಾಣೆಗೆ ಹೋಗಿ ಮಾಲೀಕನಾಗಿ ಹೇಳಿಕೆ ಕೊಟ್ಟೆ. ಅದರ ಮುಖ್ಯ ವಾಕ್ಯ ಇದು: “ಬ್ರೇಕಿನಲ್ಲಿ ದೋಷವಿದೆಯೆಂದು ತಿಳಿದೂ ವಾಹನ ಒಯ್ಯಲು ನಾನು ಚಾಲಕನಿಗೆ ಹೇಳಿಲ್ಲ.”

ವಾಕ್ಯ ನಿಖರವಾಗಿದೆ. ಮಂಗಳವಾರ ದ್ವಾದಶಿ. ಬೆಳಿಗ್ಗೆ ಏಳೂಕಾಲಿಗೆ ಚಾಲಕ ಮನೆಗೆ ಬಂದಾಗ ನಾನು ಏಕಾದಶಿಯ ಉಪವಾಸ ಮುರಿಯಲು ಪಾರಣೆಗೆ ಕುಳಿತಿದ್ದೆ. ನಮ್ಮ ಮನೆಯಲ್ಲಿ ಆ ಊಟ ಮುಗಿಯುವವರೆಗೆ ಮೌನ. ನಾನು ಒಂದು ಮಾತನ್ನೂ ಆಡಲಿಲ್ಲ.

ಹೊಸ ಲಾರಿ ಕೊಳ್ಳಬೇಕೋ, ಹಳೆಯದನ್ನೇ ರಿಪೇರಿ ಮಾಡಿಸಿ ಇಟ್ಟುಕೊಳ್ಳಬೇಕೋ ಎಂಬುದನ್ನು ಈ ತಿಂಗಳೊಳಗೆ ನಿರ್ಧರಿಸಬೇಕಾಗಿದೆ. ಯೋಚನೆ ಸ್ಪಷ್ಟವಾಗಲೆಂದು ಈ ಟಿಪ್ಪಣಿ. ಬೇರೆ ಉದ್ದೇಶವಿಲ್ಲ.

ಡಿಸೆಂಬರ್ 6, ಶನಿವಾರ

ಲಾರಿ ಮಾರುವ ಏಜೆಂಟ್ ಮುಬಶೀರ ಶಿಗ್ಗಾಂವಿಯ ನಮ್ಮ ಕಾಲೇಜಿಗೇ ಬಂದ. ನಾನು ಅಲ್ಲಿ ಗ್ರಂಥಪಾಲಕ. ಓದುವವರಿಗೆ ತೊಂದರೆಯಾಗದಿರಲೆಂದು ಅವನನ್ನು ಸೈಕಲ್ ಸ್ಟ್ಯಾಂಡಿನ ಹತ್ತಿರ ಕರೆದೊಯ್ದೆ.

“ಸರ್, ಹದಿನೆಂಟು ವರ್ಷದ ಗಾಡಿ ಅಂದ್ರ ಅದಕ್ಕ ಮದಿವಿ ವಯಸ್ಸಾತು. ಇನ್ನ ಎಷ್ಟ ದಿನ ಮನ್ಯಾಗ ಇಟಗೋತೀರಿ?” ಎಂದ.

ತಿಂಗಳ ಕೊನೆಯವರೆಗೆ ಹಳೆಯದನ್ನು ತೆಗೆದುಕೊಂಡು ಹೊಸದನ್ನು ಕೊಡುವ ಯೋಜನೆ ಇದೆಯಂತೆ. ಹಳೆಯದು ನೇರವಾಗಿ ಗುಜರಿಗೆ.

ನಾನು ಅಪಘಾತದ ವಿಷಯ ಹೇಳಿದೆ. ಅವನಿಗೆ ಮೊದಲೇ ಗೊತ್ತಿತ್ತು. ತಪಾಸಣೆ ಆಗಿ ವಾಹನ ಕೈಗೆ ಬಂದರೆ ಸಾಕು ಎಂದ. “ಗಾಡಿ ಗುಜರಿಗೆ ಹೋತಂದ್ರ ಅದರ ಬೆನ್ನ ಹತ್ತಿ ಕೇಸೂ ಹೋಗತೈತ್ರಿ. ಯಾರ ನೆನಪ ಇಟಗೋತಾರ?”

ಹೊಸದರ ಪರವಾಗಿರುವ ಸಂಗತಿಗಳು ಬಲವಾಗಿವೆ. ಸುರಕ್ಷತೆ ಮೊದಲನೆಯದು. ಬಿಡಿಭಾಗ ಸಿಗುವುದು ಕಷ್ಟವಾಗುತ್ತಿದೆ. ಹೊಸ ವಾಹನಕ್ಕೆ ಹೊಸ ಚಾಲಕನನ್ನು ನೇಮಿಸಬಹುದು. ಈಗಿನ ಚಾಲಕನ ಲೈಸೆನ್ಸ್ ಠಾಣೆಯಲ್ಲಿದೆ; ಪ್ರಕರಣ ಮುಗಿಯುವವರೆಗೆ ಅವನು ಹೇಗೂ ಓಡಿಸುವಂತಿಲ್ಲ.

ಹಳೆಯದರ ಪರವಾಗಿ ಇರುವುದು ಭಾವನೆ ಮಾತ್ರ. ಅಪ್ಪ ಪೋಸ್ಟ್‌ಮಾಸ್ಟರ್ ಆಗಿ ನಿವೃತ್ತರಾದ ವರ್ಷ ಅದನ್ನು ಕೊಂಡರು. ಪಾಠ ಪ್ರವಚನದ ಮನೆತನದ ರಾಘಣ್ಣ ಲಾರಿ ಕೊಂಡನೆಂದು ಓಣಿಯವರೆಲ್ಲ ನೋಡಲು ಬಂದಿದ್ದರು. ಗಾಜಿನ ಮೇಲ್ಗಡೆ ಹಳದಿ ಅಕ್ಷರದಲ್ಲಿ ‘ಗೋಪಿಕಾ’ ಎಂದು ಬರೆಸಿದ್ದರು. ಅದು ಅವ್ವನ ಹೆಸರು. ಅವ್ವ ನಾಚಿಕೊಂಡು ಒಂದು ತಿಂಗಳು, ಲಾರಿ ನಿಲ್ಲುತ್ತಿದ್ದ ಬಸ್‌ಸ್ಟ್ಯಾಂಡಿನ ಕಡೆ ಹೋಗಿರಲಿಲ್ಲ.

ಡಿಸೆಂಬರ್ 9, ಮಂಗಳವಾರ

ಕಾಲೇಜು ಮುಗಿಸಿ ಆಸ್ಪತ್ರೆಗೆ ಹೋದೆ. ನೂರಜಹಾನಳಿಗೆ ಐವತ್ತರ ಮೇಲಿರಬಹುದು. ಕಾಲನ್ನು ಎತ್ತರಕ್ಕೆ ಕಟ್ಟಿದ್ದರು. ನಾನು ಯಾರೆಂದು ಹೇಳಿದೆ.

“ಬರ್ರಿ ಮಾಲಕರ, ಕುಂತ್ರಿ. ನಿಮಗಿಂತ ಮೊದಲ ನಿಮ್ಮ ಲಾರಿನ ನನ್ನ ಭೆಟ್ಟಿಗೆ ಬಂದಿತ್ತು ನೋಡ್ರಿ.”

ಪಕ್ಕದ ಹಾಸಿಗೆಯವರೂ ನಕ್ಕರು. ನನಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ.

“ಅಂವಾ ಮ್ಯಾಗಿಂದ ಹಾರ್ನ್ ಹೊಡಕೋತ, ‘ಅಕ್ಕಾ ಸರಿ, ಅಕ್ಕಾ ಸರಿ’ ಅಂತ ಒದರಕೋತ ಬಂದ. ನಾ ಹಾಲಿನ ಪಾತೇಲಿ ಎತ್ತಾಕ ಹೊಳ್ಳಿದೆ. ಹಾಲೂ ಉಳೀಲಿಲ್ಲ, ಕಾಲೂ ಉಳೀಲಿಲ್ಲ. ಆದ್ರ ಅಂವಾ ಮರಕ್ಕ ತಿರುವಿದ್ದಕ್ಕ ನಾ ಇವತ್ತ ನಿಮ್ಮ ಮುಂದ ಕುಂತೇನಿ. ಪೊಲೀಸರಿಗೂ ಇದನ್ನ ಹೇಳೇನಿ.”

ಹೊರಡುವಾಗ ಒಂದು ಬಾಳೆಹಣ್ಣು ಕೊಟ್ಟಳು. “ತಿನ್ರಿ. ನಿಮ್ಮ ಡ್ರೈವರನ ತಂದಿದ್ದು. ದಿನಾ ಬರ್ತಾನ. ನೀವು ಇವತ್ತ ಬಂದ್ರಿ.”

ಕೊನೆಯ ವಾಕ್ಯದಲ್ಲಿ ಆಕ್ಷೇಪವಿರಲಿಲ್ಲ. ಬಂದ ದಿನವನ್ನು ಹೇಳಿದಳು, ಅಷ್ಟೆ.

ಡಿಸೆಂಬರ್ 10, ಬುಧವಾರ

ಬಾಳೆಹಣ್ಣು ಚೀಲದಲ್ಲೇ ಉಳಿದು ಕಪ್ಪಾಗಿತ್ತು. ಎಸೆದೆ.

ಓದುತ್ತಿರುವುದು ಒಂದು ಪೋಲಿಷ್ ಕಾದಂಬರಿಯ ಅನುವಾದ. ಈ ವಾರ ಮುಂದಕ್ಕೆ ಹೋಗಿಲ್ಲ. ಉಳಿದಿರುವುದು ಹದಿನೇಳು ಪುಟ.

ಡಿಸೆಂಬರ್ 12, ಶುಕ್ರವಾರ

ಸಮತಾ ಗ್ರಂಥಾಲಯಕ್ಕೆ ಬಂದಳು. ಚಾಲಕ ನೀಲಪ್ಪನ ಮಗಳು, ನಮ್ಮಲ್ಲೇ ಬಿ.ಎ. ಕೊನೆಯ ವರ್ಷ. ಅನುವಾದಿತ ಕಾದಂಬರಿಗಳ ಕಪಾಟಿಗೆ ನನ್ನನ್ನು ಬಿಟ್ಟರೆ ಹೋಗುವವಳು ಅವಳೊಬ್ಬಳೇ. ಪುಸ್ತಕದಲ್ಲಿ ಎಲ್ಲಾದರೂ ಎಡವಿದರೆ “ಮೂಲದಲ್ಲಿ ಏನಿರಬಹುದು, ಯೋಚಿಸು” ಎಂದು ಎರಡು ವರ್ಷದ ಹಿಂದೆ ನಾನೇ ಹೇಳಿಕೊಟ್ಟಿದ್ದೆ.

ಎರಡು ಪುಸ್ತಕ ಮರಳಿಸಿದಳು. ಅವಧಿಗೆ ಇನ್ನೂ ಆರು ದಿನವಿತ್ತು. ಹೊಸದು ಬೇಡವೇ ಎಂದು ಕೇಳಿದೆ.

“ಬ್ಯಾಡ್ರಿ ಸರ್.” ಹೋಗದೆ ಮೇಜಿನ ಮುಂದೆಯೇ ನಿಂತಳು. “ಸರ್, ನಮ್ಮಪ್ಪ ನಿಮ್ಮನ್ನ ಕೇಳಿ ಗಾಡಿ ಒಯ್ದೆ ಅಂತಾನ. ನೀವು ಹೇಳಿಲ್ಲ ಅಂತ ಬರಸೀರಿ. ಇದರಾಗ ಮೂಲ ಯಾವುದ್ರಿ?”

ಆಗ ಓದುವ ಕೋಣೆಯಲ್ಲಿ ನಾಲ್ಕು ಜನ ಇದ್ದರು. ನಾನು ಗೋಡೆಯ ಮೇಲಿನ ‘ಮೌನವಾಗಿರಿ’ ಎಂಬ ಫಲಕ ತೋರಿಸಿದೆ.

ಹಾಗೆ ತೋರಿಸಿದೆ ಎಂಬುದು ಮನೆಗೆ ಬರುವಾಗ ಬಸ್ಸಿನಲ್ಲಿ ಅರಿವಾಯಿತು.

ಅವಳಿಗೆ ಕೊಡಬೇಕಾಗಿದ್ದ ಉತ್ತರ ಇಷ್ಟು: ನಾನು ಮಾತಾಡಲಿಲ್ಲ. ಕೈ ಎತ್ತಿದ್ದು ನಿಜ. ನಿಲ್ಲು ಎಂಬ ಅರ್ಥದಲ್ಲಿ ಎತ್ತಿದೆ. ಅವಳ ಅಪ್ಪ ಬೇರೆ ಅರ್ಥ ಮಾಡಿಕೊಂಡಿರಬೇಕು.

ಡಿಸೆಂಬರ್ 16, ಮಂಗಳವಾರ. ದ್ವಾದಶಿ

ಪಾರಣೆ. ಅಗಸೆ ಸೊಪ್ಪಿನ ಪಲ್ಯ, ಹೆಸರುಬೇಳೆ, ನೆಲ್ಲಿಕಾಯಿ. ನಾನು ಕೂರುವ ಜಾಗದಿಂದ ಪಡಸಾಲೆ, ಅದರಾಚೆ ಅಂಗಳ, ಗೇಟು ಎಲ್ಲ ಒಂದೇ ನೇರಕ್ಕೆ ಕಾಣುತ್ತವೆ. ನೀಲಪ್ಪ ಯಾವಾಗಲೂ ಪಡಸಾಲೆಯ ಮೆಟ್ಟಿಲ ಕೆಳಗೆ ನಿಲ್ಲುತ್ತಾನೆ. ಹದಿನೆಂಟು ವರ್ಷದಲ್ಲಿ ಅವನು ಮೆಟ್ಟಿಲು ಹತ್ತಿದ್ದನ್ನು ನಾನು ನೋಡಿಲ್ಲ. ಹತ್ತಬೇಡವೆಂದು ಯಾರೂ ಹೇಳಿಲ್ಲ. ಹತ್ತು ಎಂದೂ ಹೇಳಿಲ್ಲ.

ಕೈ ತೊಳೆದು ಬಂದ ಮೇಲೆ ಅವ್ವ ಪಾತ್ರೆ ಎತ್ತಿಡುತ್ತ ಹೇಳಿದಳು: “ಸುಶೀಂದ್ರ, ಆವತ್ತ ನೀ ಕೈ ಮಾಡಿದ್ದು ನಾ ನೋಡೀನಿ.”

“ನಿಲ್ಲು ಅಂತ ಮಾಡಿದ್ದು.”

“ಹೂಂ.” ಪಲ್ಯದ ಬೋಗುಣಿಯ ತಳ ಕೆರೆದಳು. “ಎಡಗೈಯೊಳಗ ನೀರಿನ ಲೋಟಾ ಇತ್ತು. ಅದನ್ನ ಕೆಳಗ ಇಟ್ಟಿ. ಆಮ್ಯಾಲೆ ಗೇಟಿನ ಕಡೆ ಎರಡು ಸಲ ಕೈ ಮಾಡಿದಿ. ನೊಣ ಹೊಡದಂಗ.”

ನಾನು ನನ್ನ ಲೋಟವನ್ನು ಪಾತ್ರೆಗಳ ಜೊತೆ ಇಟ್ಟೆ.

“ನಿಮ್ಮಪ್ಪನೂ ಊಟದಾಗ ಮಾತಾಡತಿದ್ದಿಲ್ಲ. ಒಮ್ಮೆ ಹಿಂಗ ದ್ವಾದಶೀ ದಿನಾನ ನೀಲಪ್ಪ ಬಂದು, ಗಾಡಿ ಗಾಲಿ ಸಡಲ ಆಗ್ಯದ ಅಂದ. ಎರಡು ತುತ್ತು ಆಗಿತ್ತು. ಎಲಿ ಬಿಟ್ಟು ಎದ್ದು ಹೋಗಿಬಿಟ್ರು. ಒಮ್ಮೆ ಎದ್ದ್ರ ಆ ಎಲಿ ಮುಗೀತಲ್ಲ? ಹಿಂದಿನ ದಿನದ ಉಪಾಸ, ಆವತ್ತೂ ಉಪಾಸ. ಸಂಜೀಕ ಬಂದು ಏನಂದ್ರು ಗೊತ್ತದ ಏನು? ‘ಗೋಪಿ, ಗಾಲಿ ಛಲೋ ಕುಂತದ ಈಗ’ ಅಂದ್ರು. ಊಟದ ಸುದ್ದಿನ ಇಲ್ಲ.”

“ಅವ್ವಾ, ಅದು ಬ್ಯಾರೆ.”

“ಹೂಂ, ಬ್ಯಾರೆ. ಅವರು ಎದ್ರು.”

ಡಿಸೆಂಬರ್ 17, ಬುಧವಾರ

ತಪಾಸಣೆಯ ವರದಿ ಬಂದಿದೆ. ಬ್ರೇಕ್ ಕೆಟ್ಟಿತ್ತು ಎಂದಿದೆ. ಕೆಟ್ಟದ್ದು ಯಾರಿಗೆ ಗೊತ್ತಿತ್ತು ಎಂಬುದು ವರದಿಯ ವ್ಯಾಪ್ತಿಗೆ ಬರುವುದಿಲ್ಲ. ಲಾರಿಯನ್ನು ಬಿಟ್ಟುಕೊಟ್ಟರು, ಸವಣೂರಿನ ಗ್ಯಾರೇಜಿಗೆ ಎಳೆದು ತರಿಸಿದೆ.

ಮುಬಶೀರನ ಫೋನು. ಬಣ್ಣ ಯಾವುದು ಬೇಕೆಂದು ಕೇಳಿದ. ಬಿಳಿ ಎಂದೆ. ಅಂದರೆ ಕೊಳ್ಳುವುದು ನಿಶ್ಚಯವಾದಂತೆ.

ಡಿಸೆಂಬರ್ 20, ಶನಿವಾರ

ಲಾರಿ ಇರುವ ಒಬ್ಬಿಬ್ಬರನ್ನು ವಿಚಾರಿಸೋಣವೆಂದು ಶಿಗ್ಗಾಂವಿಯ ಕಾಳಿನ ಪೇಟೆಗೆ ಹೋದೆ. ಹಾನಗಲ್ಲಿನಿಂದ ಬಂದ ಜೋಳ ಇಳಿಸುತ್ತಿದ್ದರು. ಚೀಲ ಹೊರುವವರ ಸಾಲಿನಲ್ಲಿ ನೀಲಪ್ಪನಿದ್ದ.

ಅವನಿಗೆ ನನಗಿಂತ ಎಂಟು ವರ್ಷ ಹೆಚ್ಚು, ಐವತ್ತನಾಲ್ಕು. ಹಣೆಯ ಪಟ್ಟಿ ತೆಗೆದಿದ್ದ. ಹೊಲಿಗೆಯ ಮೇಲೆ ಚೀಲದ ಅಂಚು ತಾಗದಿರಲೆಂದು ಟವೆಲನ್ನು ಒಂದೇ ಮಗ್ಗುಲಿಗೆ ದಪ್ಪಗೆ ಸುತ್ತಿಕೊಂಡಿದ್ದ. ಆದ್ದರಿಂದ ಕತ್ತು ವಾರೆಯಾಗಿತ್ತು. ಹಿಂದಿನಿಂದ ಯಾರೋ, “ಏ ಡ್ರೈವರಾ, ಬ್ರೇಕ್ ಹಾಕಿ ನಡಿಯಪಾ, ಮೈಮ್ಯಾಗ ಬಂದಗಿಂದೀ!” ಎಂದು ಕೂಗಿದ. ಎಲ್ಲರೂ ನಕ್ಕರು. ನೀಲಪ್ಪನೂ ನಕ್ಕ.

ನಾನು ಪಕ್ಕದ ಸ್ಟೇಶನರಿ ಅಂಗಡಿಯೊಳಕ್ಕೆ ಹೋದೆ. ಏನು ಬೇಕೆಂದು ಅಂಗಡಿಯವನು ಕೇಳಿದಾಗ ಸ್ಟ್ಯಾಂಪ್ ಪ್ಯಾಡ್ ಎಂದೆ. ಗ್ರಂಥಾಲಯದಲ್ಲಿ ಮೂರು ಇವೆ. ಚೀಲ ಇಳಿಸಿ ಅವನು ಗೋದಾಮಿನೊಳಕ್ಕೆ ಹೋಗುವವರೆಗೆ ಪ್ಯಾಡಿನ ಮುಚ್ಚಳ ತೆರೆದು ಮುಚ್ಚಿ ನೋಡುತ್ತಿದ್ದೆ. ಬೆರಳಿಗೆ ನೀಲಿ ಹತ್ತಿತು.

ಯಾರನ್ನೂ ವಿಚಾರಿಸಲಿಲ್ಲ.

ಡಿಸೆಂಬರ್ 23, ಮಂಗಳವಾರ

ಸಂಜೆ ಆರಕ್ಕೆ ನೀಲಪ್ಪ ಬಂದ. ಮೆಟ್ಟಿಲ ಕೆಳಗೆ ನಿಂತ. ನಾನು ಪಡಸಾಲೆಯಲ್ಲಿದ್ದೆ. ಅವನು ಮಾತಾಡಿದ್ದನ್ನು ಆದಷ್ಟು ಹಾಗೆಯೇ ಬರೆಯುತ್ತೇನೆ.

“ಸಣ್ಣರಾಯರ, ಗಾಡಿ ಗುಜರಿಗೆ ಹಾಕಾಕತ್ತೀರಂತ. ಹೌದೇನ್ರಿ?”

ಇನ್ನೂ ನಿಶ್ಚಯವಾಗಿಲ್ಲ ಎಂದೆ. ಅದು ಸುಳ್ಳು.

“ಬ್ಯಾಡ್ರಿ. ಎಂಜಿನ್ ಇನ್ನೂ ಗಟ್ಟಿ ಐತ್ರಿ. ಗೇರಬಾಕ್ಸ್ ಹ್ವಾದ ವರ್ಷ ನಾನ ಕುಂತು ಹಾಕಿಸೇನಿ. ಬ್ರೇಕಿಂದು ಒಂದ ಬುಶ್ ಹೋಗಿತ್ತು, ಅಷ್ಟ. ಅದಕ್ಕ ಇಡೀ ಗಾಡಿ ಮುರಿಸಿದ್ರ ಹೆಂಗ್ರಿ? ನನ್ನ ಬಿಡ್ರಿ, ನಾ ಎಲ್ಲೆರ ದುಡಕೊಂಡ ತಿಂತೇನಿ. ಬ್ಯಾರೆ ಡ್ರೈವರನ್ನ ಹಾಕ್ರಿ. ಗಾಡಿ ಇರ್ಲಿ.”

ಅವ್ವ ಒಳಗಿನಿಂದ ಚಹಾ ತಂದಳು. ಅವನು ಕುಡಿದು, ಲೋಟ ತೊಳೆದು, ಯಾವಾಗಲೂ ಇಡುವ ಕಟ್ಟೆಯ ಮೂಲೆಯಲ್ಲಿ ಬೋರಲು ಇಟ್ಟ. ಹೊರಟವನು ಮತ್ತೆ ನಿಂತ.

“ಒಂದ ಮಾತ ಕೇಳತೇನಿ, ಸಿಟ್ಟಾಗಬ್ಯಾಡ್ರಿ. ಆವತ್ತ ನಾ, ‘ಪೆಡಲ್ ಒಳಗ ಹೊಕ್ಕೈತ್ರಿ, ಮಿಸ್ತ್ರಿಗೆ ತೋರಸ್ಲೋ, ಹಿರೇಕೆರೂರಿಗೆ ಹೋಗ್ಲೋ?’ ಅಂತ ಕೇಳಿದ್ದೆ ಅಂತ ನನ್ನ ನೆನಪು. ನೀವು ಕೈ ಮಾಡಿದ್ರಿ. ‘ಹಿರೇಕೆರೂರಿಗೇ ಏನ್ರಿ?’ ಅಂತ ಮತ್ತೊಮ್ಮೆ ಕೇಳಿದೆ. ನೀವು ತಲಿ ಆಡಿಸಿದಂಗ ಕಂಡಿತ್ತು ನನಗ.”

ಅವನು ಹಣೆಯ ಗಾಯ ಮುಟ್ಟಿ ನೋಡಿಕೊಂಡ.

“ಆದ್ರ ಈಗೀಗ ನನಗ ಡೌಟ ಬರಾಕತ್ತೈತ್ರಿ. ಸಮತಾಗ ಅದನ್ನ ಹೇಳಿದೆ. ಸಣ್ಣರಾಯರು ಸುಳ್ಳ ಬರಸಾವರಲ್ಲವಾ, ಒಂದ ಅಕ್ಷರ ಹೆಚ್ಚೂ ಅನ್ನೂದಿಲ್ಲ ಕಡಿಮೀನೂ ಅನ್ನೂದಿಲ್ಲ ಅವರು, ನಾನ ಎಲ್ಲೋ ತಪ್ಪ ಕಂಡಿರಬೇಕು ಅಂತ. ಹಣಿಗೆ ಪೆಟ್ಟ ಬಿದ್ದೈತಿ ನೋಡ್ರಿ, ಅದಕ್ಕ ಹಿಂದಿಂದು ಮುಂದಿಂದು ಕಲಸಿದಂಗ ಆಗಿರಬೇಕು. ನೀವ ಹೇಳಿಬಿಡ್ರಿ. ನಾ ಕೇಳಿದ್ದೆನೋ, ಇಲ್ಲೋ? ನೀವು ಹೆಂಗಂತೀರಿ ಹಂಗ ತಿಳಕೋತೇನಿ. ನಿದ್ದಿ ಆದ್ರೂ ಬರತೈತಿ.”

ಆಗ ನಾನು ಊಟಕ್ಕೆ ಕುಳಿತಿರಲಿಲ್ಲ. ಬಾಯಿ ಖಾಲಿ ಇತ್ತು. ಏಕಾದಶಿಯೂ ಅಲ್ಲ, ದ್ವಾದಶಿಯೂ ಅಲ್ಲ.

“ನೋಡೋಣ, ನೀಲಪ್ಪ” ಎಂದೆ.

ಅವನು “ಹೂಂನ್ರಿ” ಎಂದು ಹೋದ.

ಡಿಸೆಂಬರ್ 24, ಬುಧವಾರ

ಆವತ್ತು ತಲೆ ಆಡಿಸಿದೆ.

ಡಿಸೆಂಬರ್ 26, ಶುಕ್ರವಾರ

ಗ್ಯಾರೇಜಿಗೆ ಹೋದೆ. ಗೋಪಿಕಾಳನ್ನು ಹುಣಸೆ ಮರದ ಕೆಳಗೆ ನಿಲ್ಲಿಸಿದ್ದಾರೆ. ಮುಂಭಾಗ ಒಳಕ್ಕೆ ಕುಸಿದಿದೆ. ಹೆಸರಿನಲ್ಲಿ ‘ಗೋ’ ಹೋಗಿದೆ, ಉಳಿದದ್ದು ಇದೆ.

ಮಿಸ್ತ್ರಿ ಪ್ಲಾಸ್ಟಿಕ್ ಹಾಳೆಯಲ್ಲಿ ಕಟ್ಟಿಟ್ಟಿದ್ದ ಒಂದು ರಬ್ಬರ್ ಬುಶ್ ತೋರಿಸಿದ. ಹೆಬ್ಬೆರಳ ಉಗುರಿಗಿಂತ ಸ್ವಲ್ಪ ದೊಡ್ಡದು. ಅಂಚು ಹರಿದಿತ್ತು. ಬದಲಿಸಲು ಎಷ್ಟು ಹೊತ್ತು ಬೇಕಾಗುತ್ತಿತ್ತು ಎಂದು ಕೇಳಿದೆ.

“ಒಂದ ತಾಸ್ರಿ. ಮಾತಾಡಕೋತ ಮಾಡಿದ್ರ ಒಂದೂವರಿ.”

ಕ್ಯಾಬಿನ್ನಿಗೆ ಹತ್ತಿ ಕುಳಿತೆ. ನಮ್ಮದೇ ಲಾರಿ, ಒಳಗೆ ಕುಳಿತದ್ದು ಇದೇ ಮೊದಲು. ಎಡಗಡೆಯ ಸೀಟಿನ ಮೇಲೆ ಅಪ್ಪನ ದಿಂಬು ಇದೆ. ಸೊಂಟನೋವಿಗೆಂದು ಅವ್ವ ಹೊಲಿದುಕೊಟ್ಟದ್ದು. ಬಾಗಿಲಿನ ಕೊಕ್ಕೆಯಲ್ಲಿ ಅವರ ತಾಮ್ರದ ತಂಬಿಗೆ ತೂಗುತ್ತಿತ್ತು. ಅಪ್ಪ ದಾರಿಯಲ್ಲಿ ಬೇರೆಯವರ ಮನೆಯ ನೀರು ಕುಡಿಯುತ್ತಿರಲಿಲ್ಲ. ಅವರು ಹೋಗಿ ನಾಲ್ಕು ವರ್ಷವಾಯಿತು. ತಂಬಿಗೆ ಹುಳಿ ಹಚ್ಚಿ ತಿಕ್ಕಿದಂತೆ ಹೊಳೆಯುತ್ತಿತ್ತು. ಅಪಘಾತದಲ್ಲಿ ಒಂದು ಮಗ್ಗುಲು ನೆಗ್ಗಿದೆ.

ಆ ಬೆಳಿಗ್ಗೆಯನ್ನು ಒಮ್ಮೆ ಇದ್ದ ಹಾಗೆ ಬರೆಯುತ್ತೇನೆ. ಹಿರೇಕೆರೂರಿನ ವ್ಯಾಪಾರಿ ಹಿಂದಿನ ದಿನ ಎರಡು ಸಲ ಫೋನ್ ಮಾಡಿದ್ದ. ಅದು ಕಾರಣವಲ್ಲ, ತಡವಾಗುತ್ತದೆ ಎಂದಿದ್ದರೆ ಅವನು ಕಾಯುತ್ತಿದ್ದ. ಪೋಲಿಷ್ ಕಾದಂಬರಿಯ ಕೊನೆಯ ಭಾಗ ಉಳಿದಿತ್ತು. ಕಾಲೇಜಿಗೆ ಹೊರಡುವ ಮುಂಚೆ, ಪಾರಣೆ ಮುಗಿಸಿ ಅದನ್ನು ಮುಗಿಸಬೇಕೆಂದಿದ್ದೆ. ನೀಲಪ್ಪ ಪೆಡಲ್ ಎಂದಾಗ ನನಗೆ ಕೇಳಿಸಿತು. ಅರ್ಥವೂ ಆಯಿತು. ಇವನನ್ನು ಮಿಸ್ತ್ರಿಗೆ ಕಳಿಸಿದರೆ ಮತ್ತೆ ಫೋನು, ಮತ್ತೆ ಮಾತು ಎನ್ನಿಸಿತು. ಲೋಟ ಕೆಳಗಿಟ್ಟು ಹೋಗು ಎಂದು ಕೈ ಮಾಡಿದೆ. ಅವನು ಮತ್ತೆ ಕೇಳಿದ. ಹೌದು ಎಂದು ತಲೆ ಆಡಿಸಿದೆ. ಮರುದಿನ ಠಾಣೆಯಲ್ಲಿ ಬರೆಯುವವನು, “ನೀವು ಹೇಳಿದ್ರೇನ್ರಿ?” ಎಂದು ಕೇಳಿದಾಗ, ಅವನ ಪ್ರಶ್ನೆಯಲ್ಲಿ ‘ಹೇಳಿದ್ರೇನ್ರಿ’ ಎಂದಿರುವುದನ್ನು ಗಮನಿಸಿ ಇಲ್ಲ ಎಂದೆ. ಗಮನಿಸಿದೆ ಎಂಬುದೇ ಇಲ್ಲಿ ಮುಖ್ಯ.

ಸಂಜೆ ಮುಬಶೀರ ಫೋನ್ ಮಾಡಿದ. ತೆಗೆಯಲಿಲ್ಲ.

ಡಿಸೆಂಬರ್ 28, ಭಾನುವಾರ

ಬೆಳಿಗ್ಗೆ ಮುಬಶೀರನಿಗೆ ನಾನೇ ಫೋನ್ ಮಾಡಿ ಲಾರಿ ಬೇಡವೆಂದೆ. “ಸರ್, ಇನ್ನೂ ಮೂರು ದಿನ ಐತಲ್ರಿ, ವಿಚಾರ ಮಾಡ್ರಿ” ಎಂದ. ಮಾಡಿದ್ದಾಗಿದೆ ಎಂದೆ. ಬಿಳಿ ಬಣ್ಣದ್ದು ತರಿಸಿದ್ದೆನಲ್ಲ ಎಂದು ಬೇಸರಪಟ್ಟ. ಕ್ಷಮೆ ಕೇಳಿದೆ. ಫೋನಿನಲ್ಲಿ ಕ್ಷಮೆ ಕೇಳುವುದು ಇಷ್ಟು ಸುಲಭವೆಂದು ತಿಳಿದಿರಲಿಲ್ಲ. ಅವನಲ್ಲಿ ಕೇಳಬೇಕಾದ್ದು ಬಹಳ ಇರಲಿಲ್ಲ.

ಗೋಪಿಕಾಳನ್ನು ರಿಪೇರಿ ಮಾಡಿಸಬೇಕು. ಬುಶ್ ಅನ್ನು ಮಿಸ್ತ್ರಿಯಿಂದ ತಂದಿದ್ದೇನೆ. ಮೇಜಿನ ಮೇಲಿದೆ.

ನಾಳೆ ಏಳೂವರೆಯ ಬಸ್ಸಿಗೆ ಹತ್ತಿಮತ್ತೂರಿಗೆ ಹೋಗಬೇಕು. ನೀಲಪ್ಪನ ಮನೆ ಯಾವ ಓಣಿಯಲ್ಲಿದೆಯೆಂದು ನನಗೆ ಗೊತ್ತಿಲ್ಲ. ಅವ್ವನನ್ನು ಕೇಳಿದೆ, ಅವಳಿಗೆ ಗೊತ್ತಿತ್ತು. ಸಮತಾ ಚಿಕ್ಕವಳಿದ್ದಾಗ ಒಮ್ಮೆ ಅಪ್ಪನೊಡನೆ ಹೋಗಿದ್ದಳಂತೆ. ಅವನು ಪೇಟೆಯ ಕೆಲಸಕ್ಕೆ ಹೊರಡುವ ಮುಂಚೆ ತಲುಪಬೇಕು. ಒಳಗೆ ಬರ್ರಿ ಎಂದರೆ ಹೋಗುವುದು. ಅನ್ನದಿದ್ದರೆ ಹೊರಗೆ ನಿಂತು ಹೇಳುವುದು. ಸಮತಾ ಇದ್ದರೆ ಅವಳ ಎದುರಿಗೇ. ಅಲ್ಲಿಂದ ಅವನೊಡನೆ ಠಾಣೆಗೆ. ಹೇಳಿಕೆ ಬದಲಿಸಿದರೆ ಪ್ರಕರಣ ನನ್ನ ಮೇಲೆ ಬರುತ್ತದೆ. ಕಾಲೇಜಿಗೆ ತಿಳಿಯುತ್ತದೆ. ಅವನ ಲೈಸೆನ್ಸ್ ಮರಳಿ ಬರುತ್ತದೋ ಇಲ್ಲವೋ ಅವರು ಹೇಳಬೇಕು. ಅವನು ನಮ್ಮ ಲಾರಿಯನ್ನು ಮತ್ತೆ ಓಡಿಸುತ್ತಾನೋ ಇಲ್ಲವೋ ಅವನು ಹೇಳಬೇಕು. ಅದನ್ನು ನಾನು ಕೇಳುವಂತಿಲ್ಲ.

ಹೇಳಬೇಕಾದ್ದನ್ನು ಮಧ್ಯಾಹ್ನ ಮೂರು ಸಲ ಬರೆದೆ. ಮೊದಲನೆಯದರಲ್ಲಿ ‘ಆದರೆ’ ಎಂಬ ಪದ ಬಂದಿತ್ತು. ಎರಡನೆಯದರಲ್ಲಿ ‘ಬಹುಶಃ’. ಮೂರನೆಯದು ತುಂಬ ಚೆನ್ನಾಗಿತ್ತು, ಅದನ್ನೂ ಹರಿದೆ. ಬರೆದುಕೊಂಡು ಹೋಗುವುದಿಲ್ಲ. ನೀನು ಕೇಳಿದ್ದೆ, ನಾನು ತಲೆ ಆಡಿಸಿದೆ. ಇಷ್ಟನ್ನು ಬಾಯಿಬಿಟ್ಟು ಹೇಳಬೇಕು.

ನಾಳೆ ಊಟಕ್ಕೆ ಕಾಯಬೇಡವೆಂದು ಅವ್ವನಿಗೆ ಹೇಳಿದ್ದೇನೆ.